ಮೂರು ಸಾವಿರದ ನಾನೂರ ಹನ್ನೆರಡು

ಲೋಹಾರ್ ಚಾಳಿನ ಮೂರನೇ ಮಾಳಿಗೆಯಲ್ಲಿ
ಕೆರ್ಸಿ ಸೇಠರ ಮೇಜಿನ ಗಾಜಿನಡಿ
ಹಳದಿಗಟ್ಟಿದ ಒಂದು ಚೀಟಿ:
ಕಿಲೋವ್ಯಾಟ್ ಒಂದಕ್ಕೆ ೩೪೧೨.
ಪಕ್ಕದಲ್ಲಿ ತೀರಿಕೊಂಡ ಹೆಂಡತಿಯ ಫೋಟೋ.
ಅದಕ್ಕೂ ಇದಕ್ಕೂ ಒಂದೇ ಚಹಾದ ಕಲೆ.

ಕೆಲಸಕ್ಕೆ ಸೇರಿದ ದಿನ ನಾನು ಬರೆದದ್ದು
ಬರೀ ಬಿಟಿಯು.
ಸೇಠರು ಪೆನ್ಸಿಲು ಕೆಳಗಿಟ್ಟರು.
"ಸಂಬಳ ಎಷ್ಟು ಅಂದರೆ ಹತ್ತು ಸಾವಿರ ಅಂತೀಯ.
ದಿನಕ್ಕೋ, ತಿಂಗಳಿಗೋ, ಇಡೀ ಜನ್ಮಕ್ಕೋ?"
ವ್ಯಾಟಿನ ಹೊಟ್ಟೆಯೊಳಗೇ ಗಳಿಗೆ ಕೂತಿರುತ್ತದೆ;
ಬಿಟಿಯು ಬೆನ್ನಿಗೆ ಮಾತ್ರ ಗಂಟೆಯನ್ನು,
ಶಾಲೆಗೆ ಹೊರಟ ಮಗುವಿಗೆ ಬುತ್ತಿಯಂತೆ,
ನಾವೇ ನೆನಪಿಟ್ಟು ಕಟ್ಟಬೇಕು.
ಅಂದಿನಿಂದ ಮರೆತಿಲ್ಲ.

ಏಪ್ರಿಲಿನಲ್ಲಿ ಮಾಟುಂಗಾ.
ಶಾನಭಾಗರ ಹೋಟೆಲಿನ ಮೇಲಂತಸ್ತು
ಇನ್ನು ಮುಂದೆ ಏಸಿ ಹಾಲು.
ಟೇಪು ಹಿಡಿದು ಅಳೆದೆ:
ಪಡುವಣ ಕಿಟಕಿ ಎರಡು, ಟ್ಯೂಬು ಹದಿನೈದು,
ಕುರ್ಚಿ ನಲವತ್ತೆಂಟು.
ಕೂತ ಮನುಷ್ಯ ನೂರು ವ್ಯಾಟು.
ಜಗಳ ಕಾಯ್ದು ಬಂದವಳು, ಹೊಸದಾಗಿ ಒಲಿದವನು,
ಸಾಲ ಕೇಳಲು ಬಂದು ಬಾಯಿ ಬಾರದೆ
ದೋಸೆಯ ಹದದ ಕಡೆ ಮಾತು ಹೊರಳಿಸಿದವನು,
ಎಲ್ಲರೂ ನೂರೇ.
ಗುಣಿಸಿದರೆ ಹದಿನಾರು ಸಾವಿರದ
ಮುನ್ನೂರ ಎಪ್ಪತ್ತೆಂಟು,
ಗಂಟೆಗೆ.
ಗೋಡೆ, ಗಾಜು, ದೀಪ, ಸಾಂಬಾರಿನ ಹಬೆ,
ಬಾಗಿಲು ತೆರೆದಾಗಲೆಲ್ಲ ಒಳನುಗ್ಗುವ ಕಿಂಗ್ಸ್ ಸರ್ಕಲ್ಲು,
ಎಲ್ಲ ಕೂಡಿ ಅರವತ್ತು ಸಾವಿರ. ಐದು ಟನ್ನು.

ಐದು ಟನ್ನೆಂದರೆ ದಿನವೊಂದರಲ್ಲಿ
ಐದು ಟನ್ ಮಂಜುಗಡ್ಡೆ ಕರಗಿದಷ್ಟು ತಂಪು.
ಹಿಂದೆ ಯಾರೋ ಹಾಗೇ ಅಳೆದರಂತೆ.
ನನ್ನಜ್ಜ ಸಸೂನ್ ಡಾಕಿನಲ್ಲಿ ಅದನ್ನೇ
ಗೋಣಿ ಸುತ್ತಿ ಹೆಗಲ ಮೇಲೆ ಹೊತ್ತ.
ಅವನಿಗೂ ಟನ್ನಿನ ಲೆಕ್ಕದಲ್ಲೇ ಕೂಲಿ;
ದಾರಿಯಲ್ಲಿ ಕರಗಿದ್ದು ಅವನ ಖಾತೆಗೆ.

ಆದರೆ ಬಿಸಿ ಸಾಯುವುದಿಲ್ಲ, ಮನೆ ಬದಲಿಸುತ್ತದೆ.
ತಂಪು ಮಾಡಲೆಂದು ಯಂತ್ರ ಕುಡಿದ
ಆರು ಕಿಲೋವ್ಯಾಟನ್ನೂ ಜೊತೆಗೆ ಕರೆದುಕೊಂಡು
ಎಂಬತ್ತು ಸಾವಿರದ ನಾನೂರ ಎಪ್ಪತ್ತೆರಡಾಗಿ
ಹಿಂದಿನ ಗಲ್ಲಿಗೆ ಬೀಳುತ್ತದೆ.
ಅಲ್ಲಿ ಸಂಕಪ್ಪ ಸಾಲಿಯಾನ್ ಪಾತ್ರೆ ತೊಳೆಯುತ್ತಾನೆ.
ಅಲ್ಲೇ ಮಧ್ಯಾಹ್ನ ಮಲಗುತ್ತಾನೆ.
ಅವನೂ ನೂರು ವ್ಯಾಟು.
ಅಲ್ಲ, ತಳ ಹಿಡಿದ ಕಡಾಯಿ ತಿಕ್ಕುವಾಗ ಇನ್ನೂರೈವತ್ತು.
ನಮ್ಮ ಫಾರಮ್ಮಿನಲ್ಲಿ ಗಲ್ಲಿಗೆ ಕಾಲಮ್ಮಿಲ್ಲ.

"ಹೊರಗೆ ಅಂದರೆ ಆಕಾಶ" ಎಂದರು ಸೇಠರು.
ಆಕಾಶಕ್ಕೆ, ಅಂದರೆ ತಾರಸಿಗೆ, ಒಯ್ಯಲು
ಹನ್ನೊಂದು ಮೀಟರು ತಾಮ್ರದ ಪೈಪು ಹೆಚ್ಚು.
ಕೊಟೇಶನ್ನಿನಲ್ಲಿ ಬರೆದೆ.
ಶಾನಭಾಗರು ಕನ್ನಡಕ ಹಣೆಗೇರಿಸಿ
ನನ್ನ ಪೆನ್ನಿನಿಂದಲೇ ಆ ಸಾಲು ಹೊಡೆದರು.
ಬೈಯಲಿಲ್ಲ. ಬಾದಾಮಿ ಹಲ್ವಾ ತರಿಸಿದರು.
ತಿಂದೆ.

ಜುಲೈ. ಸರ್ವಿಸಿಗೆ ಹೋದೆ. ಸ್ಟೇಷನ್ನಿನಿಂದ ಹೋಟೆಲಿಗೆ
ಬರುವಷ್ಟರಲ್ಲಿ ಕೊಡೆ ಎರಡು ಸಲ ಉಲ್ಟಾ.
ಗಲ್ಲಿಯಲ್ಲಿ, ತಗಡಿನ ಮಾಡಿನಡಿ, ಯಂತ್ರದ ಬಾಯಿಗೆ ಅಡ್ಡವಾಗಿ
ನೈಲಾನ್ ಹಗ್ಗ:
ಬನಿಯನ್ನು, ಲುಂಗಿ, ಎದುರು ಚಾಳಿನ
ಹುಡುಗಿಯ ಶಾಲೆಯ ಸ್ಕರ್ಟು,
ಯಾರದೋ ಕಾಲುಚೀಲ, ಒಂದೇ ಒಂದು.
ಎಲ್ಲ ಒಂದೇ ಕಡೆಗೆ ಹಾರುತ್ತಿದ್ದವು.
"ಮೇ ತಿಂಗಳಲ್ಲಿ ನಿಮಗೆ ಬೈದಷ್ಟು
ಯಾರಿಗೂ ಬೈದಿಲ್ಲ ಅಕ್ಕಾ" ಎಂದ ಸಂಕಪ್ಪ.
"ಈಗ ನನಗೂ ಒಂದು ಧಂದೆ ಆಯ್ತು.
ಅಂಗಿಗೆ ಎರಡು ರೂಪಾಯಿ."

ಹಿಂಡಿದ ಅಂಗಿಯಲ್ಲಿ ಮುನ್ನೂರು ಗ್ರಾಮು ನೀರು
ಎಂದಿಟ್ಟುಕೊಂಡರೆ, ಆವಿಯಾಗಲು
ಆರುನೂರ ತೊಂಬತ್ತು ಬಿಟಿಯು.
ಅಂಗೈ ಮೇಲೇ ಬರೆದು ನೋಡಿದೆ.
ಗಂಟೆಗೆ ಎಂದು ಸೇರಿಸಲಿಲ್ಲ.
ಅಂಗಿ ಒಮ್ಮೆ ಒಣಗಿದರೆ ಆಯಿತು.
ಮಳೆನೀರಿಗೆ ಶಾಯಿ ಹರಿದು
ಆರು ಮೊದಲು ಹೋಯಿತು.

ಸಂಕಪ್ಪ ನನ್ನ ಕೊಡೆ ಕಿತ್ತುಕೊಂಡು
ಹಗ್ಗದ ತುದಿಗೆ, ಸ್ಕರ್ಟಿನ ಪಕ್ಕ, ತೂಗುಹಾಕಿದ.
ಪರ್ಸು ತಡಕಾಡಿದೆ, ಚಿಲ್ಲರೆಯಿಲ್ಲ.
"ಇರಲಿ," ಎಂದ, "ಮೇ ತಿಂಗಳಲ್ಲಿ ಬಂದು ಕೊಡಿ."